ನಕಾಶೆಯ ಮೇಲಿನ ಕೊಳ್ಳ

ಕ್ರೋಯ್ಡನ್
ಶನಿವಾರ, ೨೬ ಏಪ್ರಿಲ್ ೨೦೨೫, ಮಧ್ಯಾಹ್ನ

ಪ್ರೀತಿಯ ಮಗಳು ಸೃಷ್ಟಿಗೆ,

ನಿನ್ನ ಅಪ್ಪ ಮುರಿಗೆಪ್ಪ ಇದ್ದಲ್ಲಿಂದಲೇ ತಲೆ ಸವರಿ ಮಾಡುವ ಆಶೀರ್ವಾದಗಳು. ಮೊದಲು ನಿನ್ನ ಆರೋಗ್ಯ. ಕೆಮ್ಮು ನಿಂತಿತೇ? ಮೊನ್ನೆ ಫೋನಿನಲ್ಲಿ ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀನು ನಡುವೆ ಉಸಿರು ಎಳೆದುಕೊಂಡಿದ್ದು ನನ್ನ ಕಿವಿಗೆ ಬಿದ್ದಿದೆ. ಗಂಟಲಿನ ವಿಷಯದಲ್ಲಿ ಈ ಮುರಿಗೆಪ್ಪನಿಗೆ ಯಾರೂ ಮೋಸ ಮಾಡಲಾರರು. ಬಿಸಿನೀರು ಕುಡಿ. ಅವ್ವ ಜೋಳದ ಅರಳು ಬೀಸಿ ಕಟ್ಟಿಕೊಟ್ಟ ಅಳ್ಳಿಟ್ಟಿನ ಡಬ್ಬಿಯನ್ನು ಜೊತೆಗಾರರಿಗೆಲ್ಲ ಹಂಚಿ ದೊಡ್ಡಸ್ತಿಕೆ ಮಾಡಬೇಡ, ನೀನು ತಿನ್ನು. ತಲೆನೋವು ಬಂದರೆ ಮುಚ್ಚಿಡಬೇಡ. ಇಲ್ಲಿ ನಾವು ಸೌಖ್ಯ. ನಿನ್ನ ಅವ್ವನ ಮೊಣಕಾಲು ಹಾಗೆಯೇ ಇದೆ. ಜಿಪಿ ಡಾಕ್ಟರು ಹೇಳಿದ ವ್ಯಾಯಾಮ ಮಾಡುವುದಿಲ್ಲ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ನರ್ಸಾಗಿ ಊರಿಗೆಲ್ಲ ವ್ಯಾಯಾಮ ಹೇಳಿಕೊಟ್ಟವಳು, ತನ್ನ ಪಾಳಿ ಬಂದಾಗ ಎಣ್ಣೆ ಹಚ್ಚಿಕೊಂಡು ಕೂರುತ್ತಾಳೆ. ಈಗ ಕರಿಬೇವು, ಮೆಂತ್ಯ ಅಂತ ಟೂಟಿಂಗಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಈ ಪತ್ರ ಮುಗಿಯಬೇಕು.

ಫೋನು ಇರುವಾಗ ಕಾಗದವೇಕೆ ಅಂತ ನೀನು ಕೇಳುತ್ತೀ. ಯಾಕೆಂದರೆ ನನಗೆ ಪಿಸುಗುಟ್ಟಲು ಬರುವುದಿಲ್ಲ, ಮಗಳೇ. ನಾಟಕ ಕಂಪನಿಯ ತೆರೆಯ ಹಿಂದೆ ತೊಟ್ಟಿಲು ಕಟ್ಟಿಸಿಕೊಂಡು ಬೆಳೆದವನು ನಾನು. ನಮ್ಮಪ್ಪ ನನಗೆ ಕಲಿಸಿದ ಪಿಸುಮಾತು ಕೂಡ ನೆಲದ ಮೇಲೆ ಕುಳಿತ ಕಟ್ಟಕಡೆಯ ಪ್ರೇಕ್ಷಕನಿಗೆ ಕೇಳುವಂಥದ್ದು. ರೈಲು ನಿಲ್ದಾಣದ ಕೆಲಸದಲ್ಲಿ ನನಗೆ ಮೈಕು ಬೇಡವೆಂದು ಜನ ನಗುತ್ತಿದ್ದುದು ನಿನಗೆ ನೆನಪಿರಬೇಕು. ಈ ಪುಟ್ಟ ಫ್ಲ್ಯಾಟಿನಲ್ಲಿ ಬಚ್ಚಲಲ್ಲಿ ನಿಂತು ಮಾತಾಡಿದರೂ ಅಡುಗೆಮನೆಯಲ್ಲಿ ನಿನ್ನ ಅವ್ವ ಹೂಂಗುಟ್ಟುತ್ತಾಳೆ. ಈಗ ಹೇಳುವ ಮಾತು ಅವಳ ಕಿವಿಗೆ ಬೀಳಕೂಡದು. ಆದ್ದರಿಂದ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ನೀನು ಕನ್ನಡ ನಿಧಾನವಾಗಿ ಓದುತ್ತೀಯೆಂದು ಒತ್ತಕ್ಷರಗಳನ್ನು ದಪ್ಪವಾಗಿ ಬರೆದಿದ್ದೇನೆ. ಬೆಟ್ಟದ ಬುಡದ ಬೇಸ್ ಕ್ಯಾಂಪಿನಲ್ಲಿ ವೈಫೈ ಬರುತ್ತದೆಂದಿದ್ದೆ. ಅಲ್ಲಿ ಕೂತು ಓದು. ಓದಿ ಅಳಿಸಿಬಿಡು.

ನೀನು ಬಿಟ್ಟುಹೋದ ದಾರಿಯ ನಕಾಶೆ ಊಟದ ಮೇಜಿನ ಮೇಲೇ ಇದೆ. ಅದರ ಮೇಲೆ ಗಾಜು ಹಾಕಿಸಿದ್ದೇನೆ. ದಿನಾ ಸಂಜೆ ನಿನ್ನ ಅವ್ವ ತಟ್ಟೆ ತೆಗೆದು, ಗಾಜು ಒರೆಸಿ, ಕನ್ನಡಕ ಹಾಕಿಕೊಂಡು ಕೂರುತ್ತಾಳೆ. ಎದುರಿಗೆ ನಾನು ನಿಲ್ಲುತ್ತೇನೆ. ಕೂತು ನಾಟಕ ಹೇಳಲು ನನಗೆ ಬರುವುದಿಲ್ಲ. ಕೇಳು ಪಾರ್ವತೆವ್ವ, ಇದು ಹಳ್ಳಿ, ಇದು ಸಾಂಗವಾಗಿ ನಾಂದಿ; ಇದು ನದಿ, ಇದರ ಮೇಲೆ ತೂಗುಸೇತುವೆ, ನಾಯಕಿ ದಾಟಿದಳು; ಇಲ್ಲಿಂದ ಹಿಮನದಿ, ಇಲ್ಲಿ ಖಳನಾಯಕನ ಪ್ರವೇಶ! ಖಳನಾಯಕನಾದ ಆ ಶಿಖರಕ್ಕೂ ನಾನೇ ಧ್ವನಿ ಕೊಡುತ್ತೇನೆ. ಅದರ ಹೆಸರನ್ನು ಮಾತ್ರ ಹೇಳುವುದಿಲ್ಲ. ನಿನ್ನ ಅಣ್ಣ ಅನಿಕೇತ ಅಲ್ಲೇ ತೀರಿಹೋದಂದಿನಿಂದ ಈ ಮನೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ಬಂದಿಲ್ಲವೆಂಬುದು ನಿನಗೂ ಗೊತ್ತು. ಕೆಳಗಿನ ಮನೆಯವರು ಒಮ್ಮೆ ಕೋಲಿನಿಂದ ಛಾವಣಿ ಕುಟ್ಟಿದರು. ಅದನ್ನು ನಾನು ಚಪ್ಪಾಳೆಯೆಂದೇ ತಿಳಿದೆ. ಅವ್ವ ನಕ್ಕಳು. ಮೂರು ವರ್ಷದಲ್ಲಿ ಅವಳು ನಕ್ಕಿದ್ದು ಎಷ್ಟು ಸಲವೆಂದು ನಿನಗೆ ನಾನು ಹೇಳಬೇಕಿಲ್ಲ.

ಎರಡನೆಯ ಕ್ಯಾಂಪು ದಾಟಿದ ಮೇಲೆ ಚುಕ್ಕೆಗಳ ಸಾಲು ಎರಡು ಶಿಖರಗಳ ನಡುವೆ ಹೋಗಿ ನಿಲ್ಲುತ್ತದೆ. ಅಲ್ಲಿ ಇಂಗ್ಲಿಷಿನ ಮೂರು ಅಕ್ಷರ. ಅನಿಕೇತ ಕಡೆಯ ಸಲ ಮಾತಾಡಿದ್ದು ಅಲ್ಲಿಂದ. ನೀನು ಹೋಗುತ್ತಿರುವುದೂ ಅಲ್ಲಿಯವರೆಗೇ. ಆ ಅಕ್ಷರಗಳನ್ನು ನಾನು ಪ್ರತಿ ಸಂಜೆ ‘ಕೊಳ್ಳ’ ಎಂದೇ ಓದುತ್ತಿದ್ದೆ. ತಕ್ಷಣ ನಿನ್ನ ಅವ್ವ ಅದರ ಮೇಲೆ ಅಂಗೈ ಊರುತ್ತಿದ್ದಳು. ಅವಳ ತವರಿನ ಕಡೆ, ಸವದತ್ತಿ ಗುಡ್ಡದ ಬುಡದಲ್ಲಿ, ಕೊಳ್ಳವೆಂದರೆ ಎರಡು ದಿಬ್ಬಗಳ ನಡುವಿನ ತಗ್ಗು. ಅವಳು ಲಂಗದ ಹುಡುಗಿಯಾಗಿದ್ದಾಗ ಸೋದರಮಾವನ ಜೊತೆ ಕುರಿ ಹಿಂದೆ ಹೋಗಿ ಆಲಿಕಲ್ಲಿನ ಮಳೆಗೆ ಸಿಕ್ಕಳಂತೆ. ಮಾವ ಅವಳನ್ನೂ ಕುರಿಗಳನ್ನೂ ಕೊಳ್ಳಕ್ಕೆ ಇಳಿಸಿ, ಮೇಲೆ ಕಂಬಳಿ ಹೊದಿಸಿ, ಗಾಳಿ ತಾನಾಗಿ ದಣಿಯುವ ತನಕ ಕೂರಿಸಿದನಂತೆ. ಒಂದು ಮರಿಯೂ ಸಾಯಲಿಲ್ಲ. ಈ ಕತೆಯನ್ನು ನೀನೂ ಅಣ್ಣನೂ ತುತ್ತಿನ ಜೊತೆಗೆ ನುಂಗಿದ್ದೀರಿ. ಹೋಗುತ್ತೇನೆಂದು ನೀನು ಹಟ ಹಿಡಿದು ನಿಂತಾಗ ಅವಳು ಒಪ್ಪಿದ್ದೂ ಇದೇ ಒಂದು ಪದದ ಮೇಲೆ. “ಕೊಳ್ಳದ ತನಕ ಅಷ್ಟ ಅಂದ್ರ ಹೋಗ್ಲಿ ಬಿಡ್ರಿ” ಎಂದಳು. ಮೊನ್ನೆ ಗಾಜಿನ ಮೇಲೆ ಅಂಗೈ ಊರಿ ನನಗೆಂದಲ್ಲ, ತನಗೇ ಎಂಬಂತೆ ಹೇಳಿಕೊಂಡಳು: “ನನ್ನ ಮಗ ಗಾಳಿ ಬಡೀಲಾರದ ಜಾಗದಾಗ ಮಲಗ್ಯಾನ.” ಅಷ್ಟು ಹೇಳಿ ಎದ್ದು ಹಾಲು ಕಾಸಲು ಹೋದಳು.

ನಿನ್ನ ಗೆಳೆಯ ರಾಕೇಶ್ ಗುರುವಾರ ಬಂದಿದ್ದ. ಸ್ಟ್ರಾಟ್‌ಫರ್ಡಿನಲ್ಲಿ ನೀವಿಬ್ಬರೂ ಬೆಟ್ಟದ ಅಭ್ಯಾಸಕ್ಕೆ ಗೋಡೆ ಹತ್ತುವ ಜಾಗದಲ್ಲಿ ನೀನು ಮರೆತ ಜಾಕೆಟ್ಟು ಕೊಡಲು. ಅವ್ವ ಸ್ನಾನಕ್ಕೆ ಹೋಗಿದ್ದಳು. ಚಹಾ ಕೊಟ್ಟು, ನಕಾಶೆ ತೋರಿಸಿ, ನಾನು ಒಂದು ಅನುಮಾನ ಕೇಳಿದೆ. ಎರಡನೆಯ ಕ್ಯಾಂಪಿನ ಎತ್ತರ ಬರೆದಿದ್ದಾರೆ, ಕೊಳ್ಳದ ಎತ್ತರವನ್ನೂ ಬರೆದಿದ್ದಾರೆ. ಕೊಳ್ಳದ ಅಂಕಿ ದೊಡ್ಡದಿದೆಯಲ್ಲ, ತಗ್ಗು ಕ್ಯಾಂಪಿಗಿಂತ ಮೇಲೆ ಹೇಗೆ ಬಂತು, ಅಚ್ಚಿನ ತಪ್ಪೇ ಅಂದೆ. ಅವನಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. ತಿಳಿದ ಮೇಲೆ ಬಿಸ್ಕತ್ತು ಕೆಳಗಿಟ್ಟ. “ಅಂಕಲ್, ಅದು ನಿಮ್ಮ ಕೊಳ್ಳ ಅಲ್ಲ, ಸಿ-ಓ-ಎಲ್, ಕೊಲ್. ಇಂಗ್ಲಿಷ್ ಪದ. ಎರಡು ಪೀಕ್ ಮಧ್ಯೆ ಕುದುರೆ ಬೆನ್ನಿನ ಥರ ಇರುತ್ತೆ. ಆ ಕಡೆಯ ಗಾಳಿಯೆಲ್ಲ ಈ ಕಡೆಗೆ ನುಗ್ಗೋದೇ ಅಲ್ಲಿಂದ. ಅಲ್ಲಿ ಜಾಸ್ತಿ ಹೊತ್ತು ಯಾರೂ ನಿಲ್ಲಲ್ಲ” ಅಂದ. ಬೆರಳಿಟ್ಟು ಎತ್ತರದ ಗೆರೆಗಳನ್ನು ಓದುವುದು ಹೇಗೆಂದು ತೋರಿಸಿದ. ನಾನು ಇಷ್ಟು ದಿನ ಅವನ್ನು ತೆರೆಯ ಮೇಲೆ ಬರೆದ ಚಿತ್ತಾರದಂತೆ ನೋಡಿದ್ದೆ. ಗೆರೆಗಳು ಎರಡೂ ಕಡೆ ಕೆಳಗೆ ಜಾರಿಹೋಗುತ್ತವೆ, ಸೃಷ್ಟಿ. ಅಲ್ಲಿ ಒರಗಿ ಕೂರಲು ಏನೂ ಇಲ್ಲ.

ರಾಕೇಶ್ ಹೋದ. ನಾನು ಬಾಗಿಲು ಹಾಕಿ ಅಲ್ಲೇ ನಿಂತೆ. ಬಚ್ಚಲಲ್ಲಿ ನೀರು ಬೀಳುತ್ತಿತ್ತು. ಆಗ ನನ್ನ ಕಿವಿಯಲ್ಲಿ ನಿನ್ನ ಅಣ್ಣನ ಆ ಫೋನು ಮೊದಲಿಂದ ಶುರುವಾಯಿತು. ನೀನು ಆಗ ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದೆ, ನೀನು ಕೇಳಿಲ್ಲ. ಸ್ಪೀಕರಿನಲ್ಲಿ ಹಾಕಿದ್ದೆವು. ತುಂಬ ಕರಕರ. ಅವನು ಹೇಳಿದ್ದು ಇಷ್ಟು: “ಅವ್ವಾ, ಕೊಲ್‌ದಲ್ಲಿ ಇದೀನಿ. ಗಾಲಿ ಇದೆ. ಬೇರೆಯವರು ಇಲೀತೀವಿ ಅಂತಿದಾರೆ.” ಗಾಳಿಗೆ ಅವನು ಗಾಲಿ, ಇಳಿಯುವುದಕ್ಕೆ ಇಲಿಯುವುದು ಅನ್ನುತ್ತಿದ್ದ. ನಿಮ್ಮಿಬ್ಬರ ನಾಲಿಗೆಗೂ ಳಕಾರ ಬರಲೇ ಇಲ್ಲ. ಶನಿವಾರದ ಕನ್ನಡ ಕ್ಲಾಸಿನಲ್ಲಿ ನಾಲಿಗೆ ಮಡಿಸಿ ಅಂಗುಳಕ್ಕೆ ತಾಗಿಸಿ ಅಂತ ನಾನು ಕಿರುಚಿ ಕಿರುಚಿ ಸೋತೆ. ನಿಮಗೆ ಮಳೆ ಮಲೆ, ಹಳ್ಳಿ ಹಲ್ಲಿ, ಬೆಳ್ಳುಳ್ಳಿಯಂತೂ ದೇವರಿಗೇ ಪ್ರೀತಿ. ಹಾಗಾಗಿ ನಾವು ನಿಮ್ಮ ಮಾತು ಕೇಳುವಾಗ ಕಿವಿಯಲ್ಲೇ ತಿದ್ದಿಕೊಳ್ಳುವ ರೂಢಿ. ನಾಟಕದಲ್ಲಿ ಪಾತ್ರಧಾರಿ ತಪ್ಪಿದರೆ ತೆರೆಯ ಮರೆಯಿಂದ ಮಾತು ಎತ್ತಿಕೊಡುವವನಿರುತ್ತಾನಲ್ಲ, ಹಾಗೆ. ಅವನು ಕೊಲ್ ಅಂದ. ನಾವು ಕೊಳ್ಳ ಅಂತ ಕೇಳಿಸಿಕೊಂಡೆವು. ಅವನು ಹೇಳಿದಂತೆಯೇ ತಿದ್ದದೆ ಕೇಳಿದ್ದರೆ, ಆ ಸದ್ದಿಗೆ ನಮ್ಮ ಭಾಷೆಯಲ್ಲಿ ಏನರ್ಥವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಿನ್ನ ಅವ್ವನ ಮುಖ ಅರಳಿತು. “ಕೊಳ್ಳದಾಗ ಅದಿ ಅಂದ್ರ ಛಲೋ ಆತು ನನ್ನಪ್ಪಾ. ಅಲ್ಲೇ ಕೂಡು. ಗಾಳಿ ನಿಂತ ಮ್ಯಾಲೆ ಏಳು” ಅಂದಳು. ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ “ಹೂಂ ಅವ್ವಾ” ಅಂದ.

ಅವರ ತಂಡದ ಮುಖ್ಯಸ್ಥ ಆಮೇಲೆ ನಮ್ಮ ಮನೆಗೆ ಬಂದಾಗ ನೀನೂ ಇದ್ದೆ. ಒಳ್ಳೆಯ ಮನುಷ್ಯ, ಟೋಪಿ ಕೈಯಲ್ಲಿ ಹಿಂಡುತ್ತ ಕೂತಿದ್ದ. ಎಲ್ಲರೂ ಇಳಿದೆವು, ಅನಿಕೇತ ಮಾತ್ರ ಕಾಯುತ್ತೇನೆ ಅಂದ, ಯಾಕೆ ಅಂತ ನಮಗೆ ಇವತ್ತಿಗೂ ತಿಳಿಯುತ್ತಿಲ್ಲ, ಅವನು ಹಾಗೆ ಮಾಡುವವನಲ್ಲ ಅಂದ. ಅವ್ವ ಅವನಿಗೆ ಉಪ್ಪಿಟ್ಟು ಬಡಿಸಿದಳು. ಈಗ ನಾನು ನಿನ್ನನ್ನು ಕೇಳುವುದೂ ಅದೇ ಪ್ರಶ್ನೆ. ಆ ಜಾಗ ಎಂಥದೆಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವ್ವನ ಒಂದು ಮಾತಿಗೆ ಬೆಟ್ಟ ಹತ್ತುವವನು ಹಾಗೆ ಕೂತುಬಿಡುತ್ತಾನೆಯೇ? ಕಾಲು ಸೋತಿತ್ತೋ, ತಲೆಗೆ ಗಾಳಿ ಹೊಕ್ಕಿತ್ತೋ, ಇನ್ನೊಂದು ದಿನ ಸಿಕ್ಕರೆ ಶಿಖರ ಹತ್ತುವೆನೆಂಬ ಆಸೆಯೋ. ಹೀಗೆ ಸಮಾಧಾನ ಹೇಳಿಕೊಳ್ಳುತ್ತೇನೆ. ಹೇಳಿಕೊಂಡ ಮರುಗಳಿಗೆ ಆ “ಹೂಂ ಅವ್ವಾ” ಕೇಳುತ್ತದೆ. ಅದಕ್ಕೆ ಮೊದಲಿನ ಆ ಮೌನವೂ ಕೇಳುತ್ತದೆ. ಮೌನವನ್ನು ಅಳೆದು ಬದುಕಿದವನು ನಾನು. ಮಾತು ಮರೆತವನ ಮೌನ ಬೇರೆ, ಮಾತು ನುಂಗಿದವನ ಮೌನ ಬೇರೆ.

ರಂಗದಿಂದ ಒಳಗೆ ಹೋದ ಪಾತ್ರ ಯಾವ ಬದಿಯಿಂದ ಮತ್ತೆ ಬರುತ್ತದೆಂದು ನಮ್ಮ ಕಂಪನಿಯಲ್ಲಿ ಮೊದಲೇ ಗೊತ್ತುಮಾಡುತ್ತಿದ್ದರು. ಅನಿಕೇತನಿಗೆ ಯಾರೂ ಗೊತ್ತುಮಾಡಲಿಲ್ಲ. ಹಾಗಾಗಿ ಅವನು ಎಲ್ಲ ಬದಿಯಿಂದಲೂ ಬರುತ್ತಾನೆ. ಲಿಫ್ಟಿನ ಬಾಗಿಲು ತೆರೆದರೆ ಬರುತ್ತಾನೆ. ಕೆಳಗೆ ಟ್ರ್ಯಾಮು ತಿರುಗುವಾಗ ಕಿರುಗುಟ್ಟಿದರೆ ಬರುತ್ತಾನೆ. ಇದು ಎತ್ತರದ ಮಹಡಿ, ಗಾಳಿ ಬೀಸಿದಾಗ ಕಿಟಕಿಯ ಸಂದಿನಲ್ಲಿ ಒಂದು ಸದ್ದು ಬರುತ್ತದಲ್ಲ, ಅದು ಗುರುವಾರದಿಂದ ಸ್ವರ ಬದಲಿಸಿದೆ. ಮೊದಲು ಊಳಿಡುತ್ತಿತ್ತು. ಈಗ ಹೂಂಗುಡುತ್ತದೆ. ನಿನ್ನೆ ಸಂಜೆ ನಾನು ನಾಟಕ ಹೇಳಲು ನಿಂತೆ. ನದಿ ದಾಟಿಸಿದೆ, ಹಿಮನದಿ ದಾಟಿಸಿದೆ. ಆ ಮೂರು ಅಕ್ಷರದ ಹತ್ತಿರ ಬಂದಾಗ ಮುಂದೆ ಹೋಗದೆ ಹಿಮನದಿಯ ಮಾತನ್ನೇ ಮತ್ತೆ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ. ನಿನ್ನ ಅವ್ವ ತಲೆಯೆತ್ತಿ ನೋಡಿ, ನನಗೆ ಮಾತು ಮರೆತಿದೆಯೆಂದು ತಿಳಿದು, ತಾನೇ ಎತ್ತಿಕೊಟ್ಟಳು. “ಕೊಳ್ಳ” ಅಂದಳು. ನಾನೂ ಕೊಳ್ಳ ಅಂದೆ. ಕಡೆಯ ಸಾಲಿಗೆ ಕೇಳುವಂತೆ ಅಂದೆ.

ಹೋಗಬೇಡ, ತಿರುಗಿ ಬಾ ಅನ್ನುವುದಿಲ್ಲ. ನಿನ್ನ ಹಟ ನನ್ನದೇ ಹಟ. ಅಣ್ಣ ಇದ್ದ ಜಾಗ ನೋಡದೆ ನಿನಗೆ ನಿದ್ದೆಯಿಲ್ಲವೆಂದು ನೀನು ಅಡುಗೆಮನೆಯಲ್ಲಿ ನಿಂತು ಹೇಳಿದ್ದು ನನಗೆ ಸಾಕು. ನೋಡು. ಅವನಿಗೆ ನನ್ನ ಪರವಾಗಿ ಒಂದು ಮಾತು ಹೇಳು, ಯಾವ ಮಾತೆಂದು ನನಗೆ ತೋಚುತ್ತಿಲ್ಲ, ನಿನಗೆ ತೋಚಿದ್ದು ಹೇಳು. ಇಂಗ್ಲಿಷಿನಲ್ಲಾದರೂ ಸರಿ. ಕೈಗವಸು ತೆಗೆಯಬೇಡ. ದಾರಿ ತೋರಿಸುವವರ ಮಾತು ಮೀರಬೇಡ. ನಿನ್ನ ಜೊತೆಗಾರರಿಗೆಲ್ಲ ಈ ಮುದುಕನ ನಮಸ್ಕಾರ. ಹತ್ತುವ ಕಾಲಿಗೂ ಇಳಿಯುವ ಕಾಲಿಗೂ ಸಮನಾದ ಬಲವನ್ನು ಶಿವ ನಿನಗೆ ಕೊಡಲಿ.

ನಿನ್ನ ಅಪ್ಪ,
ಮುರಿಗೆಪ್ಪ

ತಾ.ಕ.: ಲಿಫ್ಟಿನ ಸದ್ದು. ಅವ್ವ ಬಂದಳು. ಬೇಗ ಬರೆಯುತ್ತೇನೆ. ಅಲ್ಲಿ ಮುಟ್ಟಿದ ಕೂಡಲೇ ನೀನು ಅವಳಿಗೆ ಫೋನು ಮಾಡುತ್ತೀ. ಮಾಡು, ತಪ್ಪಿಸಬೇಡ, ಅವಳು ಕಾಯುತ್ತಾಳೆ. ಗಾಳಿಯ ಸದ್ದು ಕೇಳಿದರೆ ಅವಳು ಅಣ್ಣನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತಾಳೆ, ಅಲ್ಲೇ ಕೂಡು ಅನ್ನುತ್ತಾಳೆ. ವಾದ ಹಾಕಬೇಡ. ಅದು ಎಂಥ ಜಾಗವೆಂದು ತಿಳಿಸಿಕೊಡಬೇಡ. ಹೂಂ ಅವ್ವಾ ಅನ್ನು. ಅಂದು, ಫೋನು ಇಟ್ಟು, ಇಳಿ.