ಆ ಮೂರು ಜೀನ್‌ಗಳು

ಮಾರ್ಚ್ ೧೪, ಭಾನುವಾರ

ಪ್ರೀತಿಯ ನಿಮಗೆ,

ಇಲ್ಲಿ ಎಲ್ಲರೂ ಕ್ಷೇಮ. ವಾರದಿಂದ ನಿಮ್ಮ ಕರೆ ಎತ್ತಿಲ್ಲ, ಬೇಸರಿಸಬೇಡಿ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ನೀವು ನಕ್ಕು ಮಾತು ತೇಲಿಸುತ್ತೀರಿ. ಅದಕ್ಕೇ ಈ ಕಾಗದ.

ಅತ್ತೆಯ ಮಂಡಿನೋವು ಇಳಿದಿದೆ. ಮಗಳ ಮುಂದಿನ ಹಲ್ಲು ಬಿತ್ತು. "ಅಪ್ಪ ಬರೋವರ್ಗೂ ಹೊಸದು ಬರಬಾರ್ದು" ಎನ್ನುತ್ತಾಳೆ.

ಹೋದ ವಾರದ ಸಮ್ಮೇಳನದಲ್ಲಿ ನಿಮ್ಮ ಪ್ರಯೋಗಾಲಯದ ಮುಖ್ಯಸ್ಥರ ಉಪನ್ಯಾಸ ಕೇಳಿದೆ. ಆಕ್ಟಿನ್ ಜೀವಕೋಶಕ್ಕೆ ಆಕಾರ ಕೊಡುವ ಪ್ರೋಟೀನ್ ಮಾತ್ರವಲ್ಲ, ಕೋಶಕೇಂದ್ರದೊಳಗೆ ಇದ್ದು ಜೀನ್‌ಗಳ ನಕಲು ತೆಗೆಯುವ ಕೆಲಸಕ್ಕೂ ಬೇಕು ಎಂದರು. ಅದನ್ನು ಒಳಗೆ ಹೊತ್ತೊಯ್ಯುವ ಪ್ರೋಟೀನನ್ನು ತಡೆದರೆ ಮೂರು ಜೀನ್‌ಗಳ ನಕಲು ಕುಸಿಯುವುದನ್ನು ತೋರಿಸಿದರು. ಚಪ್ಪಾಳೆ ಬಿತ್ತು. ನನ್ನ ಕೈ ಮೇಲೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ನೀವು ರಜೆಗೆ ಬಂದಾಗ ಅಡುಗೆಮನೆಯಲ್ಲಿ ನಿಂತು, ನನ್ನ ಪ್ರಯೋಗದಲ್ಲಿ ಕಂಡಿತೆಂದು ನಾನು ಹೇಳಿದ್ದು ಇದನ್ನೇ, ಆ ಮೂರು ಜೀನ್‌ಗಳ ಸಮೇತ. ನೀವು ತಟ್ಟೆ ತೊಳೆಯುತ್ತಾ, "ಕೋಶ ಒಡೆಯುವಾಗ ಹೊರಗಿನ ಆಕ್ಟಿನ್ ಕೇಂದ್ರಕ್ಕೆ ಅಂಟಿಕೊಂಡಿರುತ್ತೆ ಕಣೇ. ಅವಸರ ಮಾಡಿ ನಗೆಪಾಟಲಾಗ್ಬೇಡ, ಇನ್ನೊಂದ್ಸಲ ಮಾಡು" ಎಂದಿರಿ. ನಮ್ಮ ಕೆಲಸದಲ್ಲಿ ಆ ಅನುಮಾನ ಎಲ್ಲರಿಗೂ ಬರುವಂಥದ್ದೇ. ನಂಬಿದೆ. ಅಂದಿನಿಂದ ಮತ್ತೆ ಮತ್ತೆ ಮಾಡುತ್ತಲೇ ಇದ್ದೇನೆ, ಪ್ರಕಟಣೆಗೆ ಕಳಿಸಲಿಲ್ಲ.

ಬೇರೆಯವರಿಗೂ ಇದೇ ಹೊಳೆಯಬಹುದು, ಒಪ್ಪುತ್ತೇನೆ. ಆದರೆ ಅದೇ ಮೂರು ಜೀನ್‌ಗಳೇ? ಅವನ್ನು ಅಳೆಯುವ ಸಾಮಗ್ರಿ ಹಳೆಯ ಕೆಲಸವೊಂದರಿಂದ ನಮ್ಮ ಫ್ರಿಜ್ಜಿನಲ್ಲಿ ಮಿಕ್ಕಿತ್ತು, ಅದಕ್ಕೇ ಆರಿಸಿದ್ದೆ. ನಿಮ್ಮವರಿಗೆ ಯಾವ ಕಾರಣವಿತ್ತು?

ನಮ್ಮ ಪ್ರಯೋಗಾಲಯದ ಮೇಡಂ ಕೇಳಿದರು, "ಹೊರಗೆ ಯಾರ ಹತ್ರಾನಾದ್ರೂ ಬಾಯಿ ಬಿಟ್ಟಿದ್ಯಾ?" ಇಲ್ಲ ಎಂದೆ. ಗಂಡನನ್ನು ಹೊರಗಿನವರ ಲೆಕ್ಕಕ್ಕೆ ಸೇರಿಸಿರಲಿಲ್ಲ.

ನನ್ನನ್ನು ಅನುಮಾನದ ಪಿಶಾಚಿ ಎಂದು ಛೇಡಿಸುತ್ತೀರಲ್ಲ, ಈ ಸಲವೂ ನನ್ನದೇ ತಪ್ಪೆಂದು ತೋರಿಸಿಕೊಡಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ.

ನಿಮ್ಮ,
ಚಿನ್ನಿ

ವಿ.ಸೂ.: ಇದನ್ನು ಬರೆಯಬಾರದೆಂದಿದ್ದೆ. ಉಪನ್ಯಾಸದ ನಂತರ ಚಹಾ ಕುಡಿಯುವಾಗ ನಿಮ್ಮ ಜೊತೆ ಕೆಲಸ ಮಾಡುವ ಹುಡುಗಿ ಸಿಕ್ಕಳು. ನನ್ನನ್ನು ಮೆಚ್ಚಿಸಲೆಂದೇ ಹೇಳಿದಳು: "ಅಕ್ಕಾ, ಹೋದ ಬೇಸಿಗೇಲಿ ನಾವೆಲ್ಲ ಹೊರಗಿಂದು ಅಂಟಿರುತ್ತೆ ಅಂತ ನಕ್ಕಿದ್ವಿ. ನಿಮ್ಮ ಯಜಮಾನ್ರು ಒಬ್ರೇ, ಇಲ್ಲ, ಇದು ನಿಜ ಅಂತ ಹಟ ಹಿಡಿದ್ರು." ಕದ್ದದ್ದನ್ನು ಹೇಗೋ ಸಹಿಸಿಯೇನು. ನನ್ನ ಕೆಲಸವನ್ನು ಎಲ್ಲರಿಗಿಂತ ಮೊದಲು ನಂಬಿದವರು ನೀವೆಂದು ನನಗೆ ಇನ್ನೊಬ್ಬರ ಬಾಯಿಂದ ತಿಳಿಯಬೇಕಾಯಿತು.