ಡಾಕ್ಟರ ಕೋಣೆಗೊಂದು ಪರದೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರಬಹುದು, ಕ್ಷಮಿಸಿ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಿಮ್ಮ ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಗೆ ಬಾಗಿಲಿದೆ, ಅದನ್ನು ಯಾರೂ ಮುಚ್ಚುವುದಿಲ್ಲ. ಹಾಗಾಗಿ ನನ್ನ ತಲೆನೋವು ಎಂಥದ್ದೆಂದು ತಿಳಿಯಲು ತಿಂಗಳುಗಟ್ಟಲೆ ಹಿಡಿಯಿತು.

ಅಜ್ಜಂಪುರದ ದಾರಿಯಲ್ಲಿರುವ ಖಾರದ ಪುಡಿ ಮಿಲ್ಲಿನಲ್ಲಿ ಕೆಲಸ ಮಾಡುತ್ತೇನೆ. ಘಾಟಿಗೆ ಕೆಮ್ಮು ಹಿಡಿಯಿತು. ಕೆಮ್ಮಿದರೆ ಸಾಕು, ನೆತ್ತಿ ಸೀಳಿದಂತೆ ನೋವು. ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತಿತ್ತು. ತಲೆಯೊಳಗೆ ಗಡ್ಡೆ ಬೆಳೆದಿದೆ, ನನ್ನ ಮಗು ತಬ್ಬಲಿಯಾಗುತ್ತದೆ ಎಂದೇ ನಂಬಿದ್ದೆ. ಡಾಕ್ಟರ ಮುಂದೆ ಕೂತಾಗ ಇಡೀ ಸರದಿ ನನ್ನ ಬೆನ್ನಿಗೆ ಒತ್ತಿಕೊಂಡು ನಿಂತಿತ್ತು. ನಮ್ಮ ಬೀದಿಯ ಕಾಂತರಾಜಣ್ಣನೂ ಇದ್ದ.

"ಏನಮ್ಮ ತೊಂದರೆ?"

"ತಲೆನೋವು."

"ಬೇರೆ ಏನಾದ್ರೂ?"

"ಇಲ್ಲ ಸಾರ್."

ಹಿಂದೆ ನಿಂತಿದ್ದ ದ್ಯಾವಮ್ಮಜ್ಜಿ, "ಗಟ್ಟಿಯಾಗ್ ಹೇಳೇ! ಹೆಣ್ ನೋಡಕ್ ಬಂದೋರ ಮುಂದೆ ಕೂತಂಗ್ ಕೂತಿದೀಯಲ್ಲ" ಎಂದಳು. ಎಲ್ಲರೂ ನಕ್ಕರು. ಕೆಮ್ಮಿನ ಮಾತೆತ್ತಿದರೆ ಡಾಕ್ಟರು ಕೆಮ್ಮಿ ತೋರಿಸು ಎನ್ನುತ್ತಾರೆ. ಹೆರಿಗೆಯಾದಾಗಿನಿಂದ ಕೆಮ್ಮಿದಾಗಲೆಲ್ಲ ನನ್ನ ಸೀರೆ ಒದ್ದೆಯಾಗುತ್ತದೆ. ಅದನ್ನು ಕಾಂತರಾಜಣ್ಣನ ಎದುರಿಗೆ ತೋರಿಸಬೇಕಿತ್ತೇ? ಗಂಟಲಿಗೆ ಬಂದ ಕೆಮ್ಮು ನುಂಗಿ, ತಲೆನೋವಿನ ಮಾತ್ರೆ ಇಸಿದುಕೊಂಡು ಎದ್ದೆ. ಮತ್ತೆ ಹೋದೆ, ಮತ್ತದೇ ಮಾತ್ರೆ. ಅಲ್ಲೇ ಗೋಡೆಯ ಮೇಲೆ 'ರೋಗಿಯ ವಿವರ ಗೌಪ್ಯ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಅಷ್ಟು ಓದಲು ನನಗೂ ಬರುತ್ತದೆ ಸ್ವಾಮಿ. ಯಾರಿಂದ ಗೌಪ್ಯ? ಗೋಡೆಯಿಂದಲೇ?

ಒಂದು ದಿನ ಜೋರು ಮಳೆ, ಸರದಿಯೇ ಇರಲಿಲ್ಲ. ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ಕೆಮ್ಮಿದಾಗ ಮಾತ್ರ ಬರುತ್ತಾ? ಮೊದ್ಲೇ ಹೇಳ್ಬಾರ್ದಾಗಿತ್ತಾ ತಾಯಿ?" ಇಂಥ ತಲೆನೋವು ಬಹುಪಾಲು ಅಪಾಯದ್ದಲ್ಲ, ಆದರೂ ಹೊಸದಾಗಿ ಶುರುವಾದರೆ ಒಮ್ಮೆ ತಲೆಯ ಸ್ಕ್ಯಾನ್ ಮಾಡಿಸಿ ನೋಡಲೇಬೇಕು ಎಂದರು. ಮಾಡಿಸಿದೆ. ಗಡ್ಡೆಯಿರಲಿಲ್ಲ. ಮಿಲ್ಲಿನಲ್ಲಿ ಮೂಗು ಬಾಯಿಗೆ ಬಟ್ಟೆ ಕಟ್ಟಿದೆ, ಕೆಮ್ಮಿಗೆ ಔಷಧಿ ಕುಡಿದೆ. ಕೆಮ್ಮು ಇಳಿದಂತೆ ನೋವೂ ಇಳಿಯಿತು. ಸೀರೆ ಒದ್ದೆಯಾಗುವುದಕ್ಕೂ ವ್ಯಾಯಾಮವಿದೆಯಂತೆ. ಇಷ್ಟು ದಿನ ಅದನ್ನೂ ಯಾರನ್ನೂ ಕೇಳಿರಲಿಲ್ಲ.

ಈಗ ನನ್ನ ಜೊತೆ ಕೆಲಸ ಮಾಡುವ ಹಜೀರಾಬಿಗೂ ಅದೇ ನೋವು. ಆಸ್ಪತ್ರೆಗೆ ಬಾ ಎಂದರೆ, "ಬ್ಯಾಡ ಕಣೇ, ಅಷ್ಟು ಗಂಡಸ್ರ ಮುಂದೆ ನನ್ ಕೈಲಾಗಲ್ಲ" ಎನ್ನುತ್ತಾಳೆ. ಅವಳ ತಲೆಯಲ್ಲಿ ಏನಿದೆಯೋ ಯಾರು ಬಲ್ಲರು? ಅವಳೂ ಮಳೆಗೇ ಕಾಯಬೇಕೇ? ಅದಕ್ಕೇ, ಒಂದು ಸರದಿಯ ಮುಂದೆ ಹೇಳಲಾರದ್ದನ್ನು ನಾಚಿಕೆ ನುಂಗಿ, ಪತ್ರಿಕೆಗೂ ಈ ಕಾಗದ ಕಳಿಸಿ ಇಡೀ ತಾಲ್ಲೂಕಿಗೆ ಹೇಳುತ್ತಿದ್ದೇನೆ. ಒಬ್ಬರು ಒಳಗಿದ್ದಾಗ ಉಳಿದವರು ಹೊರಗೆ ನಿಲ್ಲುವಂತೆ ಮಾಡಿ. ಬಾಗಿಲು ಮುಚ್ಚಿಸಿ, ಆಗದಿದ್ದರೆ ಪರದೆಯಾದರೂ ಹಾಕಿಸಿ.

ಮಿಲ್ಲಿಗೆ ಉಡುತ್ತಿದ್ದ ಹಳೇ ಸೀರೆಯನ್ನು ಇವತ್ತು ಬೆಳಿಗ್ಗೆ ಒಗೆದು ಒಣಗಿಸಿ, ಮೇಲಂಚು ಮಡಿಚಿ ಹೊಲಿದು, ದಾರ ಪೋಣಿಸಿದ್ದೇನೆ. ಹಜೀರಾಬಿಯನ್ನು ಕರೆದುಕೊಂಡು ಬರುವಾಗ ತರುತ್ತೇನೆ. ಎರಡು ಮೊಳೆ ಮಾತ್ರ ನೀವು ಹೊಡೆಸಿ.

ಇಂತಿ,
'ತಲೆನೋವು' ಎಂದಷ್ಟೇ ಹೇಳಿ ಎದ್ದು ಬಂದವಳು