ಎರಡು ಸಲ ಎಣಿಸಿದ್ದು

ಜೇವರ್ಗಿ, ೧೩-೧೧-೧೯೮೯. ಬೆಳಿಗ್ಗೆ ೭

ಪಾಠಕ್ಕೆಂದು ಕಾಲೇಜಿಗೆ ಹೊರಡುವ ಮೊದಲು ಅರವತ್ತೊಂದನೆಯ ಚಿತ್ರದ ಲೆಕ್ಕ ಮುಗಿಯಿತು. ಇನ್ನು ಹದಿಮೂರು. ಎರಡು ಕಣ ಡಿಕ್ಕಿಯಾಗಿ ಚದುರುವ ಲೆಕ್ಕ, ಪ್ರತಿ ಚಿತ್ರದಲ್ಲೂ ಗೆರೆ ಸುತ್ತಿಬರುವ ಎರಡು ಲೂಪ್. ಒಂದೊಂದು ಚಿತ್ರಕ್ಕೆ ಹತ್ತಾರು ಪುಟ. ಇದು ಮುಗಿದರೆ ಥೀಸಿಸ್ ಮುಗಿದಂತೆ.

೨೪-೧-೧೯೯೦

ಎಪ್ಪತ್ತನಾಲ್ಕೂ ಕೂಡಿಸಿದೆ. ನೂರಾರು ಪದ ಹೊಡೆದುಹೋಗಿ ಉಳಿದದ್ದು ಒಂದೇ ಸಾಲು. ಖುಷಿಯಾಗಬೇಕಿತ್ತು. ಆದರೆ ಈ ಸಾಲು ನೋಡಿದ್ದೇನೆ... ದ್ರೌಪದಿಯ ಕೈಬರಹದಲ್ಲಿ.

೨೫-೧

ಟ್ರಂಕಿನಲ್ಲಿ ಸಿಕ್ಕಿತು, ೧೯೮೫ರದು. ಅವಳದು ನಾಲ್ಕೇ ಪುಟ.

ದ್ರೌಪದಿ ಮಟಕಿ ಊರಿನವಳು. ಇಬ್ಬರೂ ಒಬ್ಬರೇ ಗೈಡ್ ಹತ್ತಿರ ಇದ್ದೆವು, ನಾನು ಸೀನಿಯರ್. ಆಗ ಅಂದಿದ್ದಳು— “ಇಷ್ಟು ಚಿತ್ರ ಯಾಕ್ ಬಿಡಿಸ್ತೀರಿ ಸರ್? ಲೂಪ್ ಕತ್ತರಿಸಿದ್ರ ಸಣ್ಣ ಸಣ್ಣ ತುಂಡು ಆಗ್ತಾವ. ಅವುಗಳ ಉತ್ತರ ಮೊದಲೇ ಗೊತ್ತದ. ಹೊಂದಿಸಿದ್ರ ಆತಲ್ಲ!”

ಗೈಡ್ ಹಣಮಂತರಾಯ ಸರ್ ಅದನ್ನು ಪರೀಕ್ಷಿಸಲು ನನಗೇ ಕೊಟ್ಟರು. ನನ್ನ ಉತ್ತರ ಅವಳದಕ್ಕಿಂತ ಸರಿಯಾಗಿ ಎರಡರಷ್ಟು ಬಂತು. ತಪ್ಪು ಅಂತ ಬರೆದುಕೊಟ್ಟೆ.

ಈಗ ತಿಳಿಯಿತು— ಲೂಪ್ ಕತ್ತರಿಸಿದ ಕಡೆ ಇರುವ ಎರಡೂ ಕಣ ಒಂದೇ ಜಾತಿಯವು. ಅದಲುಬದಲು ಮಾಡಿದರೂ ಅದೇ. ನಾನು ಎರಡು ಸಲ ಎಣಿಸಿದ್ದೆ. ಅರ್ಧ ಮಾಡಬೇಕಿತ್ತು, ಅಷ್ಟೇ.

೨೮-೧

ಮೊನ್ನೆ ಬರೆಯದೆ ಬಿಟ್ಟದ್ದು— ಸರಿಯಾಗಿ ಎರಡರಷ್ಟು ಬಂದಾಗಲೇ ಅನುಮಾನ ಬಂದಿತ್ತು. ಮತ್ತೆ ನೋಡಲಿಲ್ಲ. ಆ ವರ್ಷ ಪಿಎಚ್.ಡಿ. ಸೀಟು ಒಂದೇ ಇತ್ತು. ನನಗೆ ಸಿಕ್ಕಿತು.

೪-೨, ಭಾನುವಾರ

ಅಫಜಲಪುರಕ್ಕೆ ಹೋಗಿಬಂದೆ. ದ್ರೌಪದಿ ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.

“ಅಣ್ಣಾರಾಯ ಸರ್! ಬರ್ರಿ, ಕೂಡ್ರಿ.”

ಕೂರದೆ ಹೇಳಿಬಿಟ್ಟೆ. ನಾಲ್ಕು ಪುಟ ಕೊಟ್ಟೆ. ಕೇರುವ ಮರ ಪಕ್ಕಕ್ಕಿಟ್ಟು, ಬೆರಳಿಟ್ಟು ಓದಿದಳು.

“ಐದು ವರ್ಷ ನನಗ ತಲಿ ಇಲ್ಲ ಅಂತ ತಿಳಕೊಂಡಿದ್ದೆ ಸರ್. ಇಂಥ ಲೆಕ್ಕ ಮತ್ತ ಮುಟ್ಟಲೇ ಇಲ್ಲ.”

“ತಪ್ಪು ನಂದು.”

“ತಪ್ಪು ಯಾರಿಗರೆ ಆಗ್ತದ್ರಿ. ಎರಡನೇ ಸಲ ನೋಡಿದ್ರೇನು?”

“ಇಲ್ಲ.”

“ಯಾಕ?”

“ಸೀಟು ಒಂದೇ ಇತ್ತು.”

ಒಳಗೆ ಹೋಗಿ ಚಹಾ ತಂದಳು. ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟಳು.

“ನನ್ನ ಮುಂದ ಹೇಳಿ ಏನ್ ಬಂತ್ರಿ? ಅವತ್ತು ಯಾರ ಮುಂದ ಹೇಳಿದ್ರಿ, ಅವರ ಮುಂದ ಹೇಳ್ರಿ. ಬರದು ಕೊಡ್ರಿ.”

೨೬-೨

ಮೂರು ವಾರ ಏನೂ ಬರೆದಿಲ್ಲ. ಈ ಡೈರಿಯೂ ಇಲ್ಲ, ಅವಳು ಕೇಳಿದ ಪತ್ರವೂ ಇಲ್ಲ.

ಇವತ್ತು ಹಣಮಂತರಾಯ ಸರ್ ಮನೆಗೆ ಹೋದೆ. ಎಲ್ಲ ಕೇಳಿ ಕನ್ನಡಕ ತೆಗೆದರು. “ಹಳೇದು ಕೆದರಬ್ಯಾಡೋ ಅಣ್ಣಾರಾಯ. ನಿನ್ನ ಥೀಸಿಸ್ ನಿಂತು ಹೋಗ್ತದ. ಕೊನೀಗೆ ಆಕಿಗೊಂದು ಥ್ಯಾಂಕ್ಸ್ ಬರಿ, ಸಾಕು.”

“ಹೂಂ ಸರ್” ಅಂದೆ. ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು— ಹಾಗೆ ಅಂದಾಗ ಹಗುರ ಅನಿಸಿತ್ತು. ನಾಚಿಕೆಯಾಯಿತು.

೧-೩, ಸಂಜೆ ೫

ಟೈಪಿಂಗಿಗೆ ಕೊಟ್ಟಿದ್ದ ಅಧ್ಯಾಯ ವಾಪಸ್ ತಂದೆ. ಯೂನಿವರ್ಸಿಟಿ ರಿಜಿಸ್ಟ್ರಾರರಿಗೆ ಪತ್ರ ಬರೆಯಲು ಕೂತೆ. ಎರಡು ಹಾಳೆ ಹರಿದೆ. ಇದನ್ನು ಮೊದಲು ಇಲ್ಲೇ ಬರೆದುಕೊಳ್ಳುತ್ತೇನೆ—

ಮಾನ್ಯರೇ, ೧೯೮೫ರಲ್ಲಿ ಕುಮಾರಿ ದ್ರೌಪದಿಯವರು ಮಾಡಿದ ಲೆಕ್ಕ ಸರಿಯಾಗಿತ್ತು. ವಿಧಾನವೂ ಅವರದೇ. ತಪ್ಪೆಂದು ಬರೆದುಕೊಟ್ಟವನು ನಾನು. ಅನುಮಾನವಿದ್ದರೂ ಮತ್ತೊಮ್ಮೆ ನೋಡಲಿಲ್ಲ, ಏಕೆಂದರೆ—